ಒಳನಾಡಿನ ಶೋಧ: ಆಂಟನ್ ಬಾಯ್ಸನ್ನರ ಗ್ರಂಥದ ಒಂದು ಮರುಓದು

ಮನೋರೋಗಕ್ಕೆ ತುತ್ತಾಗಿ ಚೇತರಿಸಿಕೊಂಡ ಸಭಾಪಾಲಕರೊಬ್ಬರು ತಮ್ಮ ರೋಗವನ್ನೇ ದೈವಶಾಸ್ತ್ರದ ಅಧ್ಯಯನವಸ್ತುವನ್ನಾಗಿ ಮಾಡಿಕೊಂಡು ಬರೆದ ಗ್ರಂಥ, ಆಂಟನ್ ಬಾಯ್ಸನ್ನರ 'ದಿ ಎಕ್ಸ್‌ಪ್ಲೊರೇಶನ್ ಆಫ್ ದಿ ಇನ್ನರ್ ವರ್ಲ್ಡ್'. ಅದು ಅಮೆರಿಕದಲ್ಲಿ 1936ರಲ್ಲಿ ಪ್ರಕಟವಾಯಿತು. ಪಾಲನಾಸೇವೆಯ ಪಾಠಗಳಲ್ಲಿ ಬಾಯ್ಸನ್ನರ ಹೆಸರು ಬಂದೇ ಬರುತ್ತದೆ. ಅವರ ಗ್ರಂಥವನ್ನು ಕೈಗೆತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದವರು ಮಾತ್ರ ವಿರಳ. 'ಜೀವಂತ ಮಾನವ ಗ್ರಂಥ' ಎಂಬ ಅವರ ಒಂದು ಪದಗುಚ್ಛ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಉಳಿದುಕೊಂಡಿದೆ. ಅದರ ಹಿಂದಿದ್ದ ವಾದವೂ ವೇದನೆಯೂ ಮರೆಯಾಗಿವೆ. ನಮ್ಮ ಸಭೆಗಳಲ್ಲಿ ಮನೋರೋಗಿಗಳನ್ನು ಕುರಿತು ಆಡುವ ಮಾತುಗಳನ್ನು ಕೇಳಿದಾಗ ಈ ಗ್ರಂಥವನ್ನು ಪುನಃ ತೆರೆಯುವ ಅಗತ್ಯವಿದೆ ಎಂದು ನಮಗೆ ಅನಿಸುತ್ತದೆ. ಆದರೆ ತಲೆಬಾಗಿ ಓದಿದರೆ ಸಾಲದು, ವಿಮರ್ಶಿಸಿಯೂ ಓದಬೇಕು. ಈ ಗ್ರಂಥವು ನಮಗೆ ಕಲಿಸುವ ವಿಧಾನವು ಅಮೂಲ್ಯವಾದುದು. ಅದು ಮುಂದಿಡುವ ಸಿದ್ಧಾಂತವಾದರೋ, ಎಚ್ಚರವಿಲ್ಲದೆ ಒಪ್ಪಿಕೊಂಡರೆ, ಕೃಪೆಯ ಸುವಾರ್ತೆಯನ್ನೇ ಮಸುಕುಗೊಳಿಸಬಲ್ಲದು. ಇದೇ ಈ ಲೇಖನದಲ್ಲಿ ನಾವು ಸ್ಥಾಪಿಸಲು ಯತ್ನಿಸುವ ವಿಚಾರ.

ಗ್ರಂಥ ಮತ್ತು ಗ್ರಂಥಕರ್ತ

ಬಾಯ್ಸನ್ನರು 1876ರಲ್ಲಿ ಇಂಡಿಯಾನಾ ಪ್ರಾಂತದ ಬ್ಲೂಮಿಂಗ್ಟನ್‌ನಲ್ಲಿ ಹುಟ್ಟಿದರು. ಏಳನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡರು. ಮೊದಲು ಅರಣ್ಯಶಾಸ್ತ್ರವನ್ನು ಕಲಿತು, ಆ ಮೇಲೆ ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ದೈವಶಾಸ್ತ್ರವನ್ನು ಓದಿ, ಗ್ರಾಮಸಭೆಗಳಲ್ಲಿ ಸೇವೆ ಮಾಡಿದರು. 1920ರ ಅಕ್ಟೋಬರಿನಲ್ಲಿ, ಪಾಲಕಸೇವೆಗೆ ಮರಳುವ ಉದ್ದೇಶದಿಂದ ತಮ್ಮ ವಿಶ್ವಾಸದ ಹೇಳಿಕೆಯನ್ನು ಬರೆಯುತ್ತಿದ್ದ ದಿನಗಳಲ್ಲಿಯೇ, ಅವರ ಬುದ್ಧಿ ಕದಡಿತು. ಲೋಕಕ್ಕೆ ಮಹಾವಿಪತ್ತು ಒದಗಲಿದೆ, ಅದರಲ್ಲಿ ತಮಗೆ ತಾವೆಣಿಸಿದುದಕ್ಕಿಂತ ಹೆಚ್ಚಿನ ಪಾತ್ರವಿದೆ ಎಂಬ ಭಾವನೆಗಳು ಅವರನ್ನು ಆವರಿಸಿದವು. ಸುಮಾರು 15 ತಿಂಗಳು ಅವರು ಮಾನಸಿಕ ಆಸ್ಪತ್ರೆಯಲ್ಲಿದ್ದರು. ಅದರ ಬಹುಭಾಗ ಮ್ಯಾಸಚೂಸೆಟ್ಸ್‌ನ ವೆಸ್ಟ್‌ಬರೋ ಸರಕಾರಿ ಆಸ್ಪತ್ರೆಯಲ್ಲಿ ಕಳೆಯಿತು.

ಆಸ್ಪತ್ರೆಯಿಂದ ಹೊರಬಂದ ಬಾಯ್ಸನ್ನರು 1924ರಲ್ಲಿ ವುಸ್ಟರ್ ಸರಕಾರಿ ಮಾನಸಿಕ ಆಸ್ಪತ್ರೆಗೆ ಚಾಪ್ಲಿನರಾಗಿ ಪ್ರವೇಶಿಸಿದರು. ರೋಗಿಯಾಗಿ ದಾಟಿದ್ದ ಹೊಸ್ತಿಲಿನಂಥದೇ ಇನ್ನೊಂದು ಹೊಸ್ತಿಲನ್ನು ಸೇವಕರಾಗಿ ದಾಟಿದರು. 1925ರ ಬೇಸಿಗೆಯಲ್ಲಿ ದೈವಶಾಸ್ತ್ರದ ಕೆಲವೇ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆತಂದರು. ಅವರು ವಾರ್ಡುಗಳಲ್ಲಿ ಪರಿಚಾರಕರಾಗಿ ದುಡಿಯುತ್ತ, ರೋಗಿಗಳೊಂದಿಗೆ ಮಾತನಾಡುತ್ತ, ಕಂಡುದನ್ನು ಬರೆದಿಟ್ಟು ಚರ್ಚಿಸಬೇಕಾಗಿತ್ತು. ಇಂದು ಜಗತ್ತಿನ ಅನೇಕ ಸೆಮಿನರಿಗಳು ಕಡ್ಡಾಯ ಮಾಡಿರುವ ಆಸ್ಪತ್ರೆ ಆಧಾರಿತ ಪಾಲನಾ ತರಬೇತಿಯ ಬೇರು ಇದೇ.

1936ರ ಗ್ರಂಥದ ಆರಂಭದಲ್ಲಿಯೇ ಬಾಯ್ಸನ್ನರು ತಮ್ಮ ಸ್ವಂತ ರೋಗದ ವೃತ್ತಾಂತವನ್ನು ಇಡುತ್ತಾರೆ. ಅನಂತರ ವುಸ್ಟರಿನ 173 ರೋಗಿಗಳ ಅಧ್ಯಯನವು ಬರುತ್ತದೆ. ಕ್ವೇಕರ್ ಪಂಥದ ಜಾರ್ಜ್ ಫಾಕ್ಸ್, ಜಾನ್ ಬನ್ಯನ್, ಸ್ವೀಡನ್‌ಬೋರ್ಗ್ ಮೊದಲಾದವರ, ಹಾಗೂ ಪ್ರವಾದಿಗಳ ಮತ್ತು ಪೌಲನ ಅಂತರಂಗದ ಸಂಕಟಗಳೂ ಇಲ್ಲಿ ಚರ್ಚೆಗೆ ಒಳಗಾಗುತ್ತವೆ. ಕೊನೆಯಲ್ಲಿ ವೈದ್ಯರಿಗೂ ಸಭೆಗೂ ಇದರಿಂದ ಏನು ಕಲಿಯಲಿಕ್ಕಿದೆ ಎಂಬ ವಿವೇಚನೆಯಿದೆ.

ಓದುವ ಶಿಸ್ತು

ಈ ಗ್ರಂಥದ ಶ್ರೇಷ್ಠ ಕೊಡುಗೆಯನ್ನು ಮೊದಲು ಗುರುತಿಸೋಣ. ವೇದಪಾಠವನ್ನು ವ್ಯಾಖ್ಯಾನಿಸುವಾಗ ನಾವು ಅವಸರಪಡಬಾರದೆಂದು ನಮಗೆ ಕಲಿಸಲಾಗಿದೆ. ಪಾಠಾಂತರಗಳನ್ನು ನೋಡುತ್ತೇವೆ, ಸಂದರ್ಭವನ್ನು ಕೇಳುತ್ತೇವೆ, ಕಠಿಣ ಪದವನ್ನು ನಮ್ಮ ಅನುಕೂಲಕ್ಕೆ ತಿರುಚದೆ ಅದರ ಮುಂದೆ ಕಾಯುತ್ತೇವೆ. ಸಂಕಟದಲ್ಲಿರುವ ಮನುಷ್ಯನಿಗೂ ಇದೇ ಗೌರವವು ಸಲ್ಲಬೇಕು ಎಂಬುದು ಬಾಯ್ಸನ್ನರ ಬೇಡಿಕೆ. ಅವರು ಆಸ್ಪತ್ರೆಯಲ್ಲಿದ್ದಾಗ ವೈದ್ಯರು ಅವರ ಅನುಭವದ ಒಳಹುರುಳನ್ನು ಕುರಿತು ಅವರೊಂದಿಗೆ ಮಾತನಾಡಲು ಸಿದ್ಧರಿರಲಿಲ್ಲ. ಅವರ ಮಾತುಗಳು ರೋಗದ ಲಕ್ಷಣಗಳಾಗಿ ದಾಖಲಾದವು, ಅರ್ಥವುಳ್ಳ ಮಾತುಗಳಾಗಿ ಅಲ್ಲ. ಆ ಗಾಯದಿಂದಲೇ ಅವರ ವಿಧಾನವು ಹುಟ್ಟಿತು.

ಇದನ್ನು ನಮ್ಮ ಪರಿಸರಕ್ಕೆ ಅನ್ವಯಿಸಿ ನೋಡೋಣ. ಯುವತಿಯೊಬ್ಬಳು ಪಾಲಕರ ಬಳಿಗೆ ಬಂದು, ರಾತ್ರಿಯೆಲ್ಲ ತನಗೆ ಒಂದು ಧ್ವನಿ ಕೇಳಿಸುತ್ತದೆ, ಅದು ದೇವರದೆಂದು ತೋರುತ್ತದೆ ಎನ್ನುತ್ತಾಳೆ. ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು ಕಡೆ, ಇದು ದುರಾತ್ಮದ ಕೆಲಸ, ಬಿಡಿಸಬೇಕು ಎನ್ನುವವರು. ಇನ್ನೊಂದು ಕಡೆ, ಇದು ಪ್ರವಾದನೆಯ ವರ, ಸಾಕ್ಷಿ ಹೇಳಿಸಬೇಕು ಎನ್ನುವವರು. ಇಬ್ಬರೂ ಆಕೆಯ ಮಾತನ್ನು ಪೂರ್ತಿಯಾಗಿ ಕೇಳಿರುವುದಿಲ್ಲ. ಧ್ವನಿ ಯಾವಾಗ ಆರಂಭವಾಯಿತು? ಆಕೆ ನಿದ್ರೆ ಮಾಡಿ ಎಷ್ಟು ದಿನಗಳಾದವು? ಮನೆಯಲ್ಲಿ ಏನು ನಡೆದಿದೆ? ಆ ಧ್ವನಿಯು ಆಕೆಯನ್ನು ಜನರ ಕಡೆಗೆ ಕರೆಯುತ್ತದೆಯೋ, ಜನರಿಂದ ಅಗಲಿಸುತ್ತದೆಯೋ? ತನಗೆ ಕೇಡುಮಾಡಿಕೊಳ್ಳಲು ಹೇಳುತ್ತದೆಯೋ? ಇವುಗಳನ್ನು ಕೇಳುವವನು ವೈದ್ಯನಾಗಬೇಕಾಗಿಲ್ಲ. ಆದರೆ ಇವುಗಳನ್ನು ಕೇಳಿದ ಪಾಲಕನಿಗೆ ವೈದ್ಯರ ಬಳಿಗೆ ಆಕೆಯೊಡನೆ ಯಾವಾಗ ಹೋಗಬೇಕೆಂಬುದು ತಿಳಿಯುತ್ತದೆ. ಬಾಯ್ಸನ್ನರ ವಿಧಾನದ ಬೆಲೆ ಇಲ್ಲಿದೆ.

ಏಕಾಂತದ ವಿಷಯದಲ್ಲಿ ಅವರು ಹೇಳುವ ಮಾತೂ ಹೀಗೆಯೇ ಆಳವಾದುದು. ಸ್ನೇಹಿತರೊಬ್ಬರು ಕಳುಹಿಸಿದ ಫ್ರಾಯ್ಡನ ಉಪನ್ಯಾಸಗಳನ್ನು ಅವರು ಆಸ್ಪತ್ರೆಯಲ್ಲಿಯೇ ಓದಿದ್ದರು. ಅಂತಸ್ಸಂಘರ್ಷದಿಂದ ಮನೋರೋಗವು ಬರುತ್ತದೆಂಬ ವಿಚಾರವನ್ನು ಅವರು ಫ್ರಾಯ್ಡನಿಂದ ಸ್ವೀಕರಿಸಿದರು. ಪರಿಹಾರದ ವಿಷಯದಲ್ಲಿ ಬೇರೆ ದಾರಿ ಹಿಡಿದರು. ಮನಸ್ಸಾಕ್ಷಿಯ ಬೇಡಿಕೆಯನ್ನು ತಗ್ಗಿಸಿದರೆ ಮನುಷ್ಯನಿಗೆ ಶಾಂತಿ ಸಿಗುವುದಿಲ್ಲ. ತನ್ನನ್ನು ಪ್ರೀತಿಸುವವರ ಮುಂದೆ ತನ್ನ ಗುಟ್ಟನ್ನು ತೆರೆದು, ಅವರಿಂದ ಅಂಗೀಕೃತನಾದಾಗಲೇ ಅವನು ಬಿಡುಗಡೆ ಹೊಂದುತ್ತಾನೆ. ಅಪರಾಧಕ್ಕಿಂತಲೂ ಅದನ್ನು ಒಬ್ಬಂಟಿಯಾಗಿ ಹೊರುವುದೇ ಮನಸ್ಸನ್ನು ಒಡೆಯುತ್ತದೆ. ಪಾಪನಿವೇದನೆ ಮತ್ತು ಸಭಾ ಅನ್ಯೋನ್ಯತೆಗಳ ಅರ್ಥವನ್ನು ಮಾನಸಿಕ ಆಸ್ಪತ್ರೆಯ ವಾರ್ಡಿನೊಳಗಿಂದ ಇಷ್ಟು ಸ್ಪಷ್ಟವಾಗಿ ಹೇಳಿದವರು ಕಡಮೆ.

ಸಿದ್ಧಾಂತದ ಇಕ್ಕಟ್ಟು

ಇನ್ನು ಸಿದ್ಧಾಂತದ ಕಡೆಗೆ ಬರೋಣ. ಮೆದುಳಿನ ಹಾನಿಯಿಂದ ಬರುವ ರೋಗಗಳನ್ನು ಬಾಯ್ಸನ್ನರು ಪ್ರತ್ಯೇಕವಾಗಿಡುತ್ತಾರೆ. ಉಳಿದವುಗಳಲ್ಲಿ ಕೆಲವು, ಅವರ ಮತದಂತೆ, ಕೇವಲ ಕೇಡಲ್ಲ. ಜ್ವರವು ಶರೀರದ ಹೋರಾಟವನ್ನು ಸೂಚಿಸುವಂತೆ, ತೀವ್ರವಾದ ಮಾನಸಿಕ ಕ್ಷೋಭೆಯು ಆತ್ಮವು ತನ್ನನ್ನು ಮರುಜೋಡಿಸಿಕೊಳ್ಳಲು ನಡೆಸುವ ಯತ್ನವನ್ನು ಸೂಚಿಸುತ್ತದೆ. ಸೋಲಿನ ಎದುರು ಮನುಷ್ಯನು ಮೂರು ಬಗೆಯಾಗಿ ವರ್ತಿಸಬಹುದು: ತೇಲಿಹೋಗಬಹುದು, ತಪ್ಪನ್ನು ಮರೆಮಾಚಿ ಪರರ ಮೇಲೆ ಹೊರಿಸಬಹುದು, ಇಲ್ಲವೆ ಭಯದಿಂದ ತತ್ತರಿಸಿ ಒಳಗೊಳಗೇ ಹೋರಾಡಬಹುದು. ಈ ಮೂರನೆಯ ಗುಂಪಿನವರಲ್ಲಿಯೇ ಚೇತರಿಕೆಯು ಹೆಚ್ಚಾಗಿ ಕಂಡುಬಂದಿತು ಎಂಬುದು ವುಸ್ಟರಿನ ಅಧ್ಯಯನದಿಂದ ಅವರು ತೆಗೆದ ನಿರ್ಣಯ. ಪ್ರವಾದಿಯ ದರ್ಶನಕ್ಕೂ ರೋಗಿಯ ಭ್ರಮೆಗೂ ಇರುವ ಭೇದವನ್ನು ಅನುಭವದ ಸ್ವರೂಪದಲ್ಲಿ ಹುಡುಕಬಾರದು, ಅದರ ಫಲಿತಾಂಶದಲ್ಲಿ ಹುಡುಕಬೇಕು: ಜೀವನವು ಒಗ್ಗೂಡಿತೋ, ಛಿದ್ರವಾಯಿತೋ? ಫಾಕ್ಸ್ 1651ರಲ್ಲಿ ಲಿಚ್‌ಫೀಲ್ಡ್ ಪಟ್ಟಣದ ಬೀದಿಗಳಲ್ಲಿ ಬರಿಗಾಲಿನಲ್ಲಿ ಕೂಗುತ್ತ ನಡೆದನು. ಅದಷ್ಟನ್ನೇ ನೋಡಿದರೆ ಯಾವ ವೈದ್ಯನೂ ಅವನನ್ನು ಆಸ್ಪತ್ರೆಗೆ ಸೇರಿಸಿಯಾನು. ಆದರೆ ಅವನ ಬಾಳು ಒಂದು ಸಮುದಾಯವನ್ನೇ ಕಟ್ಟಿತು.

ರೋಗಿಯನ್ನು ಮುಗಿದ ಕಥೆಯೆಂದು ತಳ್ಳಿಹಾಕುತ್ತಿದ್ದ ಆ ಕಾಲದಲ್ಲಿ ಈ ಸಿದ್ಧಾಂತವು ನಿರೀಕ್ಷೆಯ ಕಿಟಕಿಯನ್ನು ತೆರೆಯಿತು. ಅದನ್ನು ನಾವು ಕೃತಜ್ಞತೆಯಿಂದ ಒಪ್ಪುತ್ತೇವೆ. ಆದರೂ ನಮ್ಮ ಮೂರು ಆಕ್ಷೇಪಣೆಗಳಿವೆ.

ಮೊದಲನೆಯದು ವೈದ್ಯಕೀಯ ಸ್ವರೂಪದ್ದು. ಈ ಗ್ರಂಥವು ಪ್ರಕಟವಾದಾಗ ಲಿಥಿಯಮ್ ಚಿಕಿತ್ಸೆ (1949) ಇರಲಿಲ್ಲ, ಕ್ಲೋರ್‌ಪ್ರೊಮಜಿನ್ (1952) ಇರಲಿಲ್ಲ. ಔಷಧವು ಸಂಘರ್ಷದ ಅರ್ಥವನ್ನು ಅಳಿಸಿಹಾಕುವುದಿಲ್ಲ; ಅದನ್ನು ಕುರಿತು ಮಾತನಾಡಲು ಬೇಕಾದ ನಿದ್ರೆಯನ್ನೂ ನೆಮ್ಮದಿಯನ್ನೂ ಅನೇಕರಿಗೆ ದೊರಕಿಸುತ್ತದೆ. ಮನಸ್ಸಿನ ರೋಗ, ಮೆದುಳಿನ ರೋಗ ಎಂದು ಬಾಯ್ಸನ್ನರು ಎಳೆದ ಗೆರೆಯು ಇಂದು ಅಷ್ಟು ನೇರವಾಗಿ ಉಳಿದಿಲ್ಲ. ಕ್ಷೋಭೆಯು ಫಲ ಕೊಡಲೆಂದು ಚಿಕಿತ್ಸೆಯನ್ನು ತಡೆಹಿಡಿಯುವ ಪಾಲಕನು ಜ್ವರವು ಹೋರಾಟದ ಗುರುತೆಂದು ಹೇಳಿ ಮಗುವಿಗೆ ಔಷಧ ಕೊಡದ ತಂದೆಯಂತಿರುತ್ತಾನೆ.

ಎರಡನೆಯ ಆಕ್ಷೇಪಣೆಯು ಗ್ರಂಥದ ಒಂದು ಮೌನವನ್ನು ಕುರಿತದ್ದು. ಬಾಯ್ಸನ್ನರು 1902ರಲ್ಲಿ ಆಲಿಸ್ ಬ್ಯಾಚೆಲ್ಡರ್ ಎಂಬವರನ್ನು ಕಂಡು ಪ್ರೀತಿಸಿದರು. ಆಕೆ ಮತ್ತೆ ಮತ್ತೆ ನಿರಾಕರಿಸಿದರು. ಆದರೂ ತಮ್ಮ ಕರೆಗೂ ಚೇತರಿಕೆಗೂ ಆಕೆಯೇ ದಾರಿದೀಪವೆಂದು ಬಾಯ್ಸನ್ನರು ಕೊನೆಯವರೆಗೂ ಭಾವಿಸಿದರು. ಅವರ ಬರವಣಿಗೆಯಲ್ಲಿ ಆಕೆಯ ಮೇಲಿನ ಭಕ್ತಿಯುಂಟು. ಆಕೆಯ 'ಬೇಡ' ಎಂಬ ಮಾತಿನ ಭಾರವನ್ನು ಆಕೆಯ ಕಡೆಯಿಂದ ತೂಗಿ ನೋಡುವ ಯತ್ನವು ಕಡಮೆ. ಎಲ್ಲರನ್ನೂ ಗ್ರಂಥದಂತೆ ಓದಬೇಕೆಂದವರು ತಮಗೆ ಅತ್ಯಂತ ಪ್ರಿಯವಾದ ಗ್ರಂಥದಲ್ಲಿ ತಮ್ಮ ಅರ್ಥವನ್ನೇ ತುಂಬಿದರು. ನಮ್ಮ ಓದಿಗೂ ಇದೇ ಅಪಾಯವುಂಟೆಂದು ನಾವು ಅರಿಯಬೇಕು.

ಮೂರನೆಯದು ದೈವಶಾಸ್ತ್ರದ್ದು, ನಮ್ಮ ದೃಷ್ಟಿಯಲ್ಲಿ ಅತಿಮುಖ್ಯವಾದುದು. ಅನುಭವದ ಬೆಲೆಯನ್ನು ಫಲಿತಾಂಶದಿಂದ ಅಳೆಯುವುದಾದರೆ, ಫಲಿತಾಂಶವೇ ಕಾಣದವನ ಗತಿಯೇನು? ತೇಲಿಹೋದವನೆಂದು ಎಣಿಸಲ್ಪಟ್ಟು, ಇಪ್ಪತ್ತು ವರ್ಷ ಒಂದೇ ಬೆಂಚಿನ ಮೇಲೆ ಕುಳಿತಿರುವ ರೋಗಿಯ ನೋವಿಗೆ ಅರ್ಥವಿಲ್ಲವೇ? ಫಲಗಳಿಂದ ಗುರುತಿಸಬೇಕೆಂದು ಕರ್ತನು ಹೇಳಿದ್ದು ಸುಳ್ಳು ಪ್ರವಾದಿಗಳನ್ನು ಕುರಿತು. ಆ ಅಳತೆಗೋಲನ್ನು ಅಸ್ವಸ್ಥರ ಮೇಲೆ ಇಡಲು ನಮಗೆ ಅಪ್ಪಣೆಯಿಲ್ಲ. ಶುಕ್ರವಾರದ ಸಂಜೆಯಲ್ಲಿ ನಿಂತು ನೋಡಿದರೆ ಶಿಲುಬೆಯ ಫಲಿತಾಂಶವೂ ಸೋಲೇ ಆಗಿತ್ತು. ಆತನಿಗೆ ಬುದ್ಧಿಭ್ರಮಣೆಯಾಗಿದೆ ಎಂದು ಆತನ ಸ್ವಂತ ಮನೆಯವರೇ ಎಣಿಸಿ ಹಿಡಿದುತರಲು ಹೊರಟರೆಂದು ಮಾರ್ಕನು ಮೂರನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಆ ಹೆಸರನ್ನು ಹೊತ್ತವನೇ ನಮ್ಮ ರಕ್ಷಕನು. ಆದುದರಿಂದ ಚೇತರಿಕೆಯು ಕೃಪೆಯ ಕುರುಹಾಗಬಹುದೇ ಹೊರತು ಕೃಪೆಗೆ ಷರತ್ತಾಗಲಾರದು.

ಗ್ರಂಥವನ್ನು ತಿದ್ದುವ ಬಾಳು

ವಿಚಿತ್ರವೆಂದರೆ, ಈ ಸಿದ್ಧಾಂತಕ್ಕೆ ಬೇಕಾದ ತಿದ್ದುಪಡಿಯು ಬಾಯ್ಸನ್ನರ ಬಾಳಿನಲ್ಲಿಯೇ ದೊರೆಯುತ್ತದೆ. ಗ್ರಂಥದ ವಾದವು ಬಿಕ್ಕಟ್ಟಿನ ಮೂಲಕ ಒಗ್ಗೂಡಿದ ಜೀವನದ ಕಡೆಗೆ ಸಾಗುತ್ತದೆ. ಬಾಳು ಹಾಗೆ ಸಾಗಲಿಲ್ಲ. 1930ರಲ್ಲಿ, ತಾಯಿಯ ಮರಣದ ನಂತರ, ರೋಗವು ಮರುಕಳಿಸಿತು. ಅಲ್ಲಿಯವರೆಗೆ ಅವರಿಗೆ ಬೆಂಬಲವಾಗಿದ್ದ ಹಾರ್ವರ್ಡಿನ ವೈದ್ಯ ರಿಚರ್ಡ್ ಕ್ಯಾಬಟ್ ಆ ಮೇಲೆ ಅವರನ್ನು ಬೋಧನೆಯ ಕೆಲಸದಿಂದ ದೂರವಿಡಲು ಬಯಸಿದರು. ಬಾಯ್ಸನ್ನರು 1932ರಲ್ಲಿ ಇಲಿನಾಯಿಯ ಎಲ್ಜಿನ್ ಆಸ್ಪತ್ರೆಗೆ ಹೋಗಿ ಸೇವೆಯನ್ನು ಮುಂದುವರಿಸಿದರು. 1935ರಲ್ಲಿ, ಆಲಿಸ್ ಮರಣಹೊಂದಿದ ಕಾಲದಲ್ಲಿ, ಪುನಃ ಅಸ್ವಸ್ಥರಾದರು. ಮರುವರ್ಷವೇ ನಾವು ಚರ್ಚಿಸುತ್ತಿರುವ ಗ್ರಂಥವು ಪ್ರಕಟವಾಯಿತು. 1960ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, 'ಔಟ್ ಆಫ್ ದಿ ಡೆಪ್ತ್ಸ್' ಎಂಬ ಆತ್ಮಕಥೆಯನ್ನು ಹೊರತಂದರು. 130ನೆಯ ಕೀರ್ತನೆಯ ಮೊದಲ ಮಾತನ್ನು ನೆನಪಿಸುವ ಶೀರ್ಷಿಕೆಯದು. 1965ರಲ್ಲಿ ಎಲ್ಜಿನ್‌ನಲ್ಲಿಯೇ ತೀರಿಕೊಂಡರು.

ಈ ಬಾಳಿನಲ್ಲಿ ಚೇತರಿಕೆ ಎಂಬುದಕ್ಕೆ ಬೇರೊಂದು ಅರ್ಥವು ಹೊಳೆಯುತ್ತದೆ. ಕನ್ನಡದಲ್ಲಿ 'ಗುಣವಾಯಿತು' ಎಂದರೆ ರೋಗವು ಹೋಯಿತು ಎಂದು ಅರ್ಥ. 'ಚೇತರಿಸಿಕೊಂಡ' ಎಂದರೆ ಉಸಿರು ಮರಳಿತು, ಮತ್ತೆ ಎದ್ದು ನಡೆಯುವಷ್ಟು ಬಲ ಬಂದಿತು ಎಂದು. ಮತ್ತೊಮ್ಮೆ ಬೀಳಲಾರನೆಂಬ ಆಶ್ವಾಸನೆ ಅದರಲ್ಲಿಲ್ಲ. ಬಾಯ್ಸನ್ನರು ಎಂದೆಂದಿಗೂ ಗುಣವಾದವರಲ್ಲ, ಪುನಃ ಪುನಃ ಚೇತರಿಸಿಕೊಂಡವರು. ಬಿದ್ದಾಗ ಎತ್ತುವ ಸ್ನೇಹಿತರು, ಮಾಡಲು ಒಂದು ಕೆಲಸ, ತನ್ನ ಮಾತು ಕೇಳುವ ಕೆಲವರು, ಪ್ರಾರ್ಥಿಸಲು ಒಂದು ಸ್ಥಳ: ಇಷ್ಟರ ಆಧಾರದಿಂದ ಅವರು ನಾಲ್ಕು ದಶಕಗಳ ಕಾಲ ಸೇವೆಮಾಡಿದರು. ಅವರ ಗ್ರಂಥವು ಬಿಕ್ಕಟ್ಟಿನ ಮಹತ್ವವನ್ನು ಹೇಳುತ್ತದೆ. ಅವರ ಬಾಳು ಪೋಷಣೆಯ ಮಹತ್ವವನ್ನು ಹೇಳುತ್ತದೆ. ನಮಗೆ ಎರಡನೆಯದೇ ಹೆಚ್ಚು ನಂಬಿಕೆಗೆ ಯೋಗ್ಯವಾಗಿ ತೋರುತ್ತದೆ. ಜಾಲಿಯ ನೆರಳಿನಲ್ಲಿ ಸಾವನ್ನು ಬೇಡಿದ ಎಲೀಯನಿಗೆ ದೇವದೂತನು ಮೊದಲು ಉಪದೇಶ ಕೊಡಲಿಲ್ಲ. ರೊಟ್ಟಿ, ನೀರು, ನಿದ್ರೆ, ಮತ್ತೊಮ್ಮೆ ರೊಟ್ಟಿ. ಹೋರೇಬಿನ ಸಂಭಾಷಣೆಯು ಆ ಮೇಲೆ.

ನಮ್ಮ ನೆಲದಲ್ಲಿ

ಬಾಯ್ಸನ್ನರ ರೋಗಿಯು ಗೋಡೆಗಳ ಒಳಗೆ ಒಬ್ಬಂಟಿ. ಭಾರತದ ಅನುಭವವು ಇಲ್ಲಿ ಬೇರೆಯಾದುದನ್ನು ಕಲಿಸಿದೆ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು 1950ರ ದಶಕದಲ್ಲಿ ರೋಗಿಗಳ ಮನೆಯವರಿಗೆ ಆವರಣದಲ್ಲಿಯೇ ಡೇರೆಗಳನ್ನು ಹಾಕಿಸಿ ಉಳಿಸಿಕೊಂಡರು. ವೇಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವು ಅದೇ ದಶಕದಲ್ಲಿ, ಕೆನಡಾದ ಮಿಷನರಿ ವೈದ್ಯೆ ಫ್ಲಾರೆನ್ಸ್ ನಿಕೋಲ್ಸ್ ಅವರ ನೇತೃತ್ವದಲ್ಲಿ ಆರಂಭವಾಗಿ, ಕುಟುಂಬವು ರೋಗಿಯೊಡನೆ ತಂಗುವ ಪದ್ಧತಿಯನ್ನು ಬೆಳೆಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದೆಂದು ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಹೀಗಿದ್ದರೂ, 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮನೋರೋಗಗಳಲ್ಲಿ ಶೇಕಡಾ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ.

ಈ ಅಂತರದಲ್ಲಿ ಸಭೆಯು ಎಲ್ಲಿ ನಿಂತಿದೆ? ವಿಶ್ವಾಸವಿದ್ದರೆ ಮಾತ್ರೆ ಏಕೆ ಎಂದು ಕೇಳುವ ಪ್ರಸಂಗಗಳನ್ನು ನಾವೆಲ್ಲ ಕೇಳಿದ್ದೇವೆ. ಅದನ್ನು ನಂಬಿ ಮಾತ್ರೆ ಬಿಟ್ಟವರು ಕೆಲವೇ ವಾರಗಳಲ್ಲಿ ಕುಸಿದಾಗ, ಆ ಸೋಲಿನ ಹೊಣೆಯನ್ನೂ ಅವರ ವಿಶ್ವಾಸದ ಕೊರತೆಯ ಮೇಲೆ ಹೊರಿಸಿದ್ದನ್ನು ಕಂಡಿದ್ದೇವೆ. ಮಧುಮೇಹದ ಮಾತ್ರೆಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಇನ್ನೊಂದು ಕಡೆ, ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಪಾಲಕರ ಬಳಿಗೆ ಬರುವ ಮನೆಯವರಿದ್ದಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆ ನಗೆಗಾಗಿ ಹುಟ್ಟಿದ್ದಿರಬಹುದು. ಅದನ್ನು ಚಿಕಿತ್ಸೆಯಾಗಿ ನಂಬಿ, ವಿಷಯವನ್ನು ಮುಚ್ಚಿಟ್ಟು ಮಾಡಿದ ಮದುವೆಗಳಲ್ಲಿ ಎರಡು ಬಾಳುಗಳು ಸೊರಗುತ್ತವೆ. ಅಂಥ ಮದುವೆಯನ್ನು ನೆರವೇರಿಸುವ ಮೊದಲು ಸತ್ಯವನ್ನು ಕೇಳುವ ಹೊಣೆ ಪಾಲಕನದು.

ಗೆರಸೇನರ ಸೀಮೆಯ ಮನುಷ್ಯನ ಕಥೆಯನ್ನು ನಾವು ಬಿಡುಗಡೆಯ ಕೂಟಗಳಿಗೆ ಆಧಾರವಾಗಿ ಬಳಸುತ್ತೇವೆ. ಆದರೆ ಅವನನ್ನು ಸರಪಣಿಗಳಿಂದ ಕಟ್ಟಿದವರು ಊರಿನವರು. ಯೇಸು ಅವನ ಹೆಸರನ್ನು ಕೇಳಿದನು. ಕಥೆಯ ಕೊನೆಯಲ್ಲಿ ಅವನನ್ನು ಮನೆಗೆ, ಸ್ವಂತ ಜನರ ಬಳಿಗೆ ಕಳುಹಿಸಲಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮನೋರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಣಿಯಿಂದ ಬಿಗಿಯಬಾರದೆಂದು ವಿಧಿಸಿದೆ, ಸಮುದಾಯದ ನಡುವೆ ಬಾಳುವ ಹಕ್ಕನ್ನು ನೀಡಿದೆ. ಸುವಾರ್ತೆಯನ್ನು ಸಾರುವ ನಾವು ಕಾಯಿದೆಗಿಂತ ಹಿಂದೆ ಉಳಿಯುವುದು ಯೋಗ್ಯವೇ? ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯು ಪ್ರತಿಯೊಂದು ದೇವಾಲಯದ ಸೂಚನಾಫಲಕದ ಮೇಲೆ ಇರಬಹುದು. ಪಾಲಕನ ಪ್ರಾರ್ಥನೆಯೂ ವೈದ್ಯರ ಚೀಟಿಯೂ ಒಂದೇ ಮನೆಯ ಮೇಜಿನ ಮೇಲೆ ಜಗಳವಿಲ್ಲದೆ ಇರಬಹುದು.

ಉಳಿಯುವ ಪ್ರಶ್ನೆ

ಬಾಯ್ಸನ್ನರ ಗ್ರಂಥವು ನಮ್ಮ ಮುಂದೆ ಇಡುವ ಕೊನೆಯ ಪ್ರಶ್ನೆಯು ಇತರರನ್ನು ಕುರಿತದ್ದಲ್ಲ. ತಮ್ಮ ರೋಗದ ವೃತ್ತಾಂತವನ್ನು ಅವರು ಅನುಬಂಧದಲ್ಲಿ ಅಡಗಿಸದೆ ಗ್ರಂಥದ ಬಾಗಿಲಿನಲ್ಲಿಯೇ ಇಟ್ಟರು. ನಮ್ಮ ಸೆಮಿನರಿಗಳಲ್ಲಿ ರಾತ್ರಿ ನಿದ್ರೆಯಿಲ್ಲದೆ ಹೊರಳುವ ವಿದ್ಯಾರ್ಥಿಯು, ತಿಳಿದುಬಂದರೆ ದೀಕ್ಷೆಯು ತಪ್ಪೀತೆಂಬ ಅಂಜಿಕೆಯಿಂದ ಬಾಯಿ ಬಿಡುವುದಿಲ್ಲ. ವಾರಕ್ಕೆ ಮೂರು ಪ್ರಸಂಗ ಮಾಡುವ ಪಾಲಕನು ತಾನು ಪ್ರಾರ್ಥಿಸಲಾರದೆ ಹೋಗಿ ತಿಂಗಳುಗಳಾದವೆಂದು ಯಾರಿಗೂ ಹೇಳುವುದಿಲ್ಲ. ಒಬ್ಬಂಟಿಯಾಗಿ ಹೊರುವುದೇ ಮನಸ್ಸನ್ನು ಒಡೆಯುತ್ತದೆ ಎಂಬ ಮಾತು ನಿಜವಾದರೆ, ಅದು ಮೊದಲು ನಮ್ಮ ವಸತಿಗೃಹಗಳಿಗೂ ಪಾಲಕರ ಮನೆಗಳಿಗೂ ಅನ್ವಯಿಸುತ್ತದೆ. ಮೂರು ಸಾರಿ ಅಸ್ವಸ್ಥರಾದ ಬಾಯ್ಸನ್ನರು ಇಂದು ನಮ್ಮಲ್ಲಿಗೆ ಅರ್ಜಿ ಹಾಕಿದರೆ ನಾವು ಸೇರಿಸಿಕೊಳ್ಳುವೆವೇ?

ಕೀರ್ತನೆಗಳ ಗ್ರಂಥದಲ್ಲಿ ಬಹುಮಟ್ಟಿಗೆ ಪ್ರತಿಯೊಂದು ಪ್ರಲಾಪವೂ ಕೊನೆಗೆ ಸ್ತೋತ್ರದ ಕಡೆಗೆ ತಿರುಗುತ್ತದೆ. 88ನೆಯ ಕೀರ್ತನೆಯು ತಿರುಗುವುದಿಲ್ಲ. ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದಕ್ಕೊಂದು ಸಂತೋಷದ ವಚನವನ್ನು ಸೇರಿಸಲು ಯಾರೂ ಕೈಹಾಕಲಿಲ್ಲ, ಅದನ್ನು ಗ್ರಂಥದಿಂದ ತೆಗೆದುಹಾಕಲೂ ಇಲ್ಲ. ಚೇತರಿಸಿಕೊಂಡವರ ಸಾಕ್ಷಿಗೆ ನಮ್ಮ ಆರಾಧನೆಯಲ್ಲಿ ಸ್ಥಳವಿದೆ. ಇನ್ನೂ ಚೇತರಿಸಿಕೊಳ್ಳದವರಿಗೂ, ಬಹುಶಃ ಈ ಲೋಕದಲ್ಲಿ ಚೇತರಿಸಿಕೊಳ್ಳದವರಿಗೂ, ಅದೇ ಬೆಂಚಿನ ಮೇಲೆ ಸ್ಥಳವಿರಬೇಕು. ಬಾಯ್ಸನ್ನರಿಂದ ಓದುವ ಶಿಸ್ತನ್ನು ಕಲಿತು, ಅವರ ಅಳತೆಗೋಲನ್ನು ಮಾತ್ರ ಅಲ್ಲಿಯೇ ಬಿಟ್ಟು ಬರುವುದು ಈ ಗ್ರಂಥಕ್ಕೆ ನಾವು ಸಲ್ಲಿಸಬಹುದಾದ ನ್ಯಾಯವಾದ ಗೌರವವೆಂದು ನಮ್ಮ ಅಭಿಪ್ರಾಯ.